ಅಮೆರಿಕ ಪ್ರವಾಸದಲ್ಲಿ ದೂರದ ನೆಂಟರ ಭೇಟಿ: ತಯಾರಿಯಿಂದ ಮರಳಿ ಬರುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಕ್ಕಳ ಬೇಸಿಗೆ ರಜೆಯಲ್ಲಿ ಅಮೆರಿಕಕ್ಕೆ ಹೋಗಿಬರುವ ಯೋಚನೆ ಮನೆಯಲ್ಲಿ ಗಟ್ಟಿಯಾದ ಕೂಡಲೇ ಹಿರಿಯರಿಂದ ಬರುವ ಮೊದಲ ಮಾತು, “ನ್ಯೂಜೆರ್ಸಿಯಲ್ಲಿ ನಮ್ಮ ಸೋದರತ್ತೆಯ ಮೊಮ್ಮಗ ಇದ್ದಾನೆ, ಅಷ್ಟು ದೂರ ಹೋದವರು ನೋಡದೆ ಬರಬೇಡಿ” ಎಂಬುದು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಮೈಸೂರು, ಮಣಿಪಾಲ, ಹುಬ್ಬಳ್ಳಿಗಳಲ್ಲಿ ಓದಿದ ವೈದ್ಯರೂ ಎಂಜಿನಿಯರುಗಳೂ ಅಲ್ಲಿಗೆ ಹೋಗಿ ನೆಲೆಸಿದರು. 1990ರ ದಶಕದಿಂದ ಈಚೆಗೆ ಸಾಫ್ಟ್‌ವೇರ್ ಉದ್ಯೋಗಿಗಳು ದೊಡ್ಡ ಸಂಖ್ಯೆಯಲ್ಲಿ ಹೋದರು. ಹೀಗಾಗಿ ಇಂದು ಕರ್ನಾಟಕದ ಅನೇಕ ಕುಟುಂಬಗಳಿಗೆ ಅಲ್ಲಿ ಮೂರು ತಲೆಮಾರಿನ ನೆಂಟರಿದ್ದಾರೆ, ಆದರೆ ಮುಖ ನೋಡಿದವರು ಕಡಿಮೆ.

ಇಂಥ ಭೇಟಿಗಳು ಕೆಡುವುದಿದ್ದರೆ ಅದಕ್ಕೆ ಮುಖ್ಯ ಕಾರಣ ಒಂದೇ. ಪ್ರವಾಸಿಗರಿಗೆ ರಜೆ ಇರುತ್ತದೆ, ಅಲ್ಲಿರುವವರಿಗೆ ಇರುವುದಿಲ್ಲ. ಅಡುಗೆಯವರು, ಕೆಲಸದವರು, ಚಾಲಕರು ಯಾರೂ ಇಲ್ಲದ ಮನೆಯಲ್ಲಿ ನೆಂಟರ ಉಪಚಾರವೆಂದರೆ ಗಂಡಹೆಂಡಿರಿಬ್ಬರ ವಾರದ ಬಿಡುವೆಲ್ಲ ಅದಕ್ಕೇ ಹೋಯಿತೆಂದು ಅರ್ಥ. ಆದ್ದರಿಂದ ಭೇಟಿಯ ಹೊರೆಯನ್ನು ಹೋಗುವವರು ಹೊರಬೇಕು, ನೋಡಿಸಿಕೊಳ್ಳುವವರ ಮೇಲೆ ಹಾಕಬಾರದು. ಮುಂದಿನ ಪ್ರತಿಯೊಂದು ಹೆಜ್ಜೆಯನ್ನೂ ಈ ದೃಷ್ಟಿಯಿಂದಲೇ ಬರೆದಿದ್ದೇನೆ.

ಮೊದಲ ಹೆಜ್ಜೆ: ಸಂಬಂಧವನ್ನು ಕಾಗದದ ಮೇಲೆ ಬರೆದುಕೊಳ್ಳಿ

ಟಿಕೆಟ್ ಕೊಳ್ಳುವುದಕ್ಕೂ ಮೊದಲು ಮಾಡಬಹುದಾದ, ಮತ್ತು ಸಾಧ್ಯವಿದ್ದರೆ ಮೊದಲೇ ಮಾಡಬೇಕಾದ ಕೆಲಸವಿದು. ಮನೆಯ ಅತ್ಯಂತ ಹಿರಿಯರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತು ವಂಶವೃಕ್ಷವನ್ನು ಬರೆಯಿರಿ. ಮೇಲಿನ ಸಾಲಿನಲ್ಲಿ ಎರಡೂ ಕಡೆಗೆ ಸಾಮಾನ್ಯರಾದ ಪೂರ್ವಿಕರನ್ನು, ಕೆಳಗೆ ಅವರ ಮಕ್ಕಳನ್ನು ವಯಸ್ಸಿನ ಕ್ರಮದಲ್ಲಿ, ಅವರ ಕೆಳಗೆ ಮೊಮ್ಮಕ್ಕಳನ್ನು ಬರೆಯುತ್ತ ಬಂದರೆ ನೀವು ಭೇಟಿಯಾಗಲಿರುವವರು ಯಾವ ಕೊಂಬೆಯಲ್ಲಿದ್ದಾರೆ ಎಂಬುದು ಗೊತ್ತಾಗುತ್ತದೆ. ಪ್ರತಿ ಹೆಸರಿನ ಪಕ್ಕದಲ್ಲಿ ಊರು, ಮನೆಯವರು ಕರೆಯುತ್ತಿದ್ದ ಅಡ್ಡಹೆಸರು, ಸೊಸೆಯಾಗಿ ಬಂದವರ ತವರೂರು ಇವನ್ನು ಸೇರಿಸಿ. ದೂರದ ನೆಂಟರಲ್ಲಿ ಅಧಿಕೃತ ಹೆಸರಿಗಿಂತ “ಗುಂಡಣ್ಣ”, “ಪುಟ್ಟತ್ತೆ” ಎಂಬ ಮನೆಯ ಹೆಸರುಗಳೇ ಬೇಗ ಗುರುತು ಹತ್ತಿಸುತ್ತವೆ.

ಹಿರಿಯರ ನೆನಪು ಕೈಕೊಟ್ಟ ಕಡೆ ಬೇರೆ ದಾಖಲೆಗಳಿವೆ. ಹಳೆಯ ಲಗ್ನಪತ್ರಿಕೆಗಳಲ್ಲಿ ಆಹ್ವಾನಿಸುವವರ ಹೆಸರುಗಳು, ವೈಕುಂಠ ಸಮಾರಾಧನೆಯ ಕಾರ್ಡುಗಳಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರುಗಳು ಪಟ್ಟಿಯಂತೆ ಸಿಗುತ್ತವೆ. ಬೀರುವಿನ ತಳದಲ್ಲಿ ಇಂಥವು ಬಹಳ ಮನೆಗಳಲ್ಲಿ ಉಳಿದಿರುತ್ತವೆ. ಉತ್ತರ ಕರ್ನಾಟಕದ ಹಳ್ಳಿಗಳವರಾದರೆ ಹೆಳವರನ್ನು ಕೇಳಿ. ಸುಗ್ಗಿಯ ನಂತರ ಎತ್ತಿನ ಮೇಲೆ ಮನೆಮನೆಗೆ ಬಂದು ಒಕ್ಕಲು ಕುಟುಂಬಗಳ ವಂಶಾವಳಿಯನ್ನು ತಲೆತಲಾಂತರದಿಂದ ಹಾಡಿ ಹೇಳುತ್ತಿದ್ದ ಸಮುದಾಯವದು. ಅವರ ಬಾಯಲ್ಲಿ ಮತ್ತು ಹೊತ್ತಿಗೆಗಳಲ್ಲಿ ಮೂಲ ಊರು, ಬೆಡಗು (ಕುಲದೊಳಗಿನ ಪಂಗಡ), ಕವಲೊಡೆದ ಮನೆಗಳ ವಿವರ ಇಂದಿಗೂ ಇದೆ. ಕೊಡವರಿಗೆ ಒಕ್ಕದ ಅಂದರೆ ಮನೆತನದ ಹೆಸರು, ತುಳುನಾಡಿನವರಿಗೆ ತಾಯಿಯ ಕಡೆಯಿಂದ ಬರುವ ಕುಲವಾದ ‘ಬಳಿ’, ಬ್ರಾಹ್ಮಣರಿಗೆ ಗೋತ್ರ, ಬಹುತೇಕ ಎಲ್ಲರಿಗೂ ಮನೆದೇವರು ಇದೇ ರೀತಿ ಕೊಂಡಿಯಾಗುತ್ತವೆ.

ಆಮೇಲೆ ಯಾರನ್ನು ಏನೆಂದು ಕರೆಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳಿ. ಇದಕ್ಕೆ ಸುಲಭವಾದ ದಾರಿಯೆಂದರೆ, ನಿಮ್ಮ ತಂದೆಗೋ ತಾಯಿಗೋ ಅವರು ಏನಾಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು. ಅಜ್ಜನ ತಂಗಿಯ ಮಗ ತಂದೆಗೆ ಸೋದರತ್ತೆಯ ಮಗ, ಅಂದರೆ ಭಾವನೋ ಮೈದುನನೋ. ಆದ್ದರಿಂದ ನಿಮಗೆ ಮಾವ. ಅಮ್ಮನ ತಾಯಿಯ ತಂಗಿಯ ಮಗಳು ಅಮ್ಮನಿಗೆ ಅಕ್ಕತಂಗಿಯರ ಸಾಲಿನವರು, ಆದ್ದರಿಂದ ನಿಮಗೆ ದೊಡ್ಡಮ್ಮ ಅಥವಾ ಚಿಕ್ಕಮ್ಮ. ಮಕ್ಕಳಿಗೂ ಇದನ್ನು ಮೊದಲೇ ಹೇಳಿಕೊಡಿ. ಎಂದೂ ನೋಡಿರದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು “ಮಾವ, ಚೆನ್ನಾಗಿದ್ದೀರಾ?” ಎಂದರೆ, ಎಷ್ಟೋ ವರ್ಷಗಳಿಂದ ಆ ಕರೆ ಕೇಳದವರ ಸಂಕೋಚ ಅಲ್ಲೇ ಅರ್ಧ ಕರಗುತ್ತದೆ.

ಎರಡನೆಯ ಹೆಜ್ಜೆ: ಭೂಪಟ ಬಿಡಿಸಿ, ಯಾರನ್ನು ಬಿಡಬೇಕೆಂದು ತೀರ್ಮಾನಿಸಿ

“ಅಮೆರಿಕದಲ್ಲಿದ್ದಾರೆ” ಎಂಬ ಮಾತು ಪ್ರವಾಸದ ಯೋಜನೆಗೆ ಏನೂ ಸಹಾಯ ಮಾಡುವುದಿಲ್ಲ. ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಸುಮಾರು ಆರು ಗಂಟೆ. ಬೆಂಗಳೂರಿನಿಂದ ದೆಹಲಿಗಿರುವ ದೂರದ ಎರಡು ಪಟ್ಟಿಗೂ ಹೆಚ್ಚು. ನ್ಯೂಯಾರ್ಕಿನಿಂದ ನಯಾಗರಕ್ಕೆ ರಸ್ತೆಯಲ್ಲಿ 650 ಕಿಲೋಮೀಟರ್ ಆಸುಪಾಸು, ಏಳು ಗಂಟೆಯ ಪಯಣ. ಆದ್ದರಿಂದ ನೋಡಬೇಕೆಂದಿರುವ ಸ್ಥಳಗಳ ದಾರಿಯಲ್ಲಿ, ಇಲ್ಲವೇ ದಾರಿಯಿಂದ ಒಂದು ಗಂಟೆಯೊಳಗೆ ಯಾರಿದ್ದಾರೆ ಎಂಬುದನ್ನಷ್ಟೇ ಗುರುತಿಸಿ. ನ್ಯೂಯಾರ್ಕ್ ನೋಡುವವರಿಗೆ ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತಲಿನ ನೆಂಟರು ಸುಲಭ, ಏಕೆಂದರೆ ಅಲ್ಲಿಂದ ಮ್ಯಾನ್‌ಹಟನ್‌ನ ಪೆನ್ ಸ್ಟೇಷನ್ನಿಗೆ ಸುಮಾರು ಒಂದು ಗಂಟೆಯ ರೈಲಿದೆ; ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗುವವರಿಗೆ ಫ್ರೀಮಾಂಟ್, ಸನಿವೇಲ್ ಕಡೆಯವರು ಸುಲಭ.

ಒಂದು ಪ್ರವಾಸದಲ್ಲಿ ಎರಡು ಮನೆ, ಬಹಳವೆಂದರೆ ಮೂರು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕಿಂತ ಹೆಚ್ಚಾದರೆ ಮಕ್ಕಳಿಗೆ ಆ ದೇಶ ನೋಡಿದಂತಾಗುವುದಿಲ್ಲ, ಯಾವ ಮನೆಯ ಮಾತೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆಯ್ಕೆ ಮಾಡಬೇಕಾಗಿ ಬಂದಾಗ ವಯಸ್ಸಾದವರಿಗೆ ಆದ್ಯತೆ ಕೊಡಿ. 1970ರ ದಶಕದಲ್ಲಿ ಹೋದವರಿಗೆ ಈಗ ಎಂಬತ್ತರ ಆಸುಪಾಸು ವಯಸ್ಸಾಗಿದೆ. ಭಾರತಕ್ಕೆ ಬರುವ ಶಕ್ತಿ ಅನೇಕರಿಗೆ ಇಲ್ಲ. ಯುವಕರನ್ನು ಇನ್ನೊಮ್ಮೆ ಊರಿನಲ್ಲಿಯೇ ನೋಡಬಹುದು. ಬಿಟ್ಟವರಿಗೆ “ಈ ಸಲ ಆ ಕಡೆ ಬರಲು ಆಗುತ್ತಿಲ್ಲ” ಎಂದು ಫೋನಿನಲ್ಲಿ ನೇರವಾಗಿ ಹೇಳಿಬಿಡಿ. ಬಂದುಹೋದ ವಿಷಯ ಫೋಟೊಗಳಿಂದ ತಿಳಿದರೆ ಆಗುವ ನೋವು ಅದಕ್ಕಿಂತ ದೊಡ್ಡದು.

ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್ ಮೊದಲ ವಾರಕ್ಕೆ ಹೋಗುವವರಿಗೆ ಇನ್ನೊಂದು ಅವಕಾಶವಿದೆ. ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ ಎರಡು ವರ್ಷಕ್ಕೊಮ್ಮೆ ವಿಶ್ವ ಕನ್ನಡ ಸಮ್ಮೇಳನ ನಡೆಸುತ್ತದೆ; 2024ರದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ ನಡೆಯಿತು. ಬೇರೆಬೇರೆ ರಾಜ್ಯಗಳ ನೆಂಟರು ಒಂದೇ ಕಡೆ ಸೇರುವುದರಿಂದ ಒಬ್ಬರನ್ನು ನೋಡಲು ಹೋದಲ್ಲಿ ನಾಲ್ವರು ಸಿಗಬಹುದು.

ಮೂರನೆಯ ಹೆಜ್ಜೆ: ಮೊದಲ ಸಂದೇಶ

ಪರಿಚಯವೇ ಇಲ್ಲದವರಿಗೆ ಏಕಾಏಕಿ ಕರೆ ಮಾಡಬೇಡಿ. ಇಬ್ಬರನ್ನೂ ಬಲ್ಲ ಹಿರಿಯರೊಬ್ಬರಿಂದ ಮೊದಲು ಒಂದು ಮಾತು ಹೇಳಿಸಿ. ನಂಬರ್ ಕೊಡಲು ಅವರ ಒಪ್ಪಿಗೆ ಪಡೆದ ನಂತರ ನೀವು ವಾಟ್ಸ್‌ಆ್ಯಪ್‌ನಲ್ಲಿ ಬರೆಯಿರಿ. ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಬರೆದರೆ ಅವರಿಗೆ ತಮ್ಮ ಕೆಲಸ ಹೊಂದಿಸಿಕೊಳ್ಳಲು ಸಮಯವಿರುತ್ತದೆ. ಸಂದೇಶದಲ್ಲಿ ನಾಲ್ಕು ವಿಷಯಗಳು ಸ್ಪಷ್ಟವಾಗಿರಬೇಕು: ನೀವು ಯಾರು, ಎಂದು ಬರುತ್ತೀರಿ, ಎಷ್ಟು ಜನ, ಮತ್ತು ಎಲ್ಲಿ ಉಳಿದುಕೊಳ್ಳುತ್ತೀರಿ. ಕೊನೆಯದು ಬಹಳ ಮುಖ್ಯ. ಅದನ್ನು ಹೇಳದಿದ್ದರೆ, ಓದುವವರು ಮೊದಲು ಲೆಕ್ಕ ಹಾಕುವುದು ಮನೆಯಲ್ಲಿ ಹಾಸಿಗೆಗಳೆಷ್ಟಿವೆ ಎಂಬುದನ್ನು. ಮಾದರಿಯೊಂದು ಇಲ್ಲಿದೆ:

“ನಮಸ್ಕಾರ. ನಾನು ಅರಸೀಕೆರೆಯ ಅಂಗಡಿ ಬೀದಿ ಮನೆಯ ಕಿರಿಯ ಮಗಳ ಮೊಮ್ಮಗ. ನಿಮ್ಮ ಅಜ್ಜಿಯೂ ನನ್ನ ಅಜ್ಜಿಯೂ ಅಕ್ಕತಂಗಿಯರು. ಮೈಸೂರಿನ ದೊಡ್ಡಮ್ಮ ನಿಮ್ಮನ್ನು ಕೇಳಿ ಈ ನಂಬರ್ ಕೊಟ್ಟರು. ಮೇ ಮೂರನೆಯ ವಾರ ನಾವು ನಾಲ್ವರು, ಇಬ್ಬರು ಮಕ್ಕಳೂ ಸೇರಿ, ನ್ಯೂಯಾರ್ಕಿಗೆ ಪ್ರವಾಸ ಬರುತ್ತಿದ್ದೇವೆ. ಹೋಟೆಲ್ ಕಾದಿರಿಸಿಯಾಗಿದೆ. ಆ ಶನಿವಾರವೋ ಭಾನುವಾರವೋ ನಿಮಗೆ ಬಿಡುವಿದ್ದರೆ ಎರಡು ಮೂರು ಗಂಟೆಯ ಮಟ್ಟಿಗೆ ನಿಮಗೆ ಅನುಕೂಲವಾದ ಕಡೆ ಸಿಗೋಣವೇ? ಆಗದಿದ್ದರೆ ಸಂಕೋಚ ಬೇಡ, ನೀವು ಊರಿಗೆ ಬಂದಾಗ ಖಂಡಿತ ಭೇಟಿಯಾಗೋಣ.”

ಉತ್ತರ ತಡವಾದರೆ ಒಂದು ವಾರದ ನಂತರ ಒಮ್ಮೆ ನೆನಪಿಸಿ, ಅದಕ್ಕೂ ಉತ್ತರ ಬಾರದಿದ್ದರೆ ಸುಮ್ಮನಾಗಿ. ಬೇಡವೆನ್ನುವುದಕ್ಕೆ ಅವರಿಗೆ ನಿಮಗೆ ತಿಳಿಯದ ಕಾರಣಗಳಿರುತ್ತವೆ.

ಒಪ್ಪಿಗೆ ಬಂದ ಮೇಲೆ ಒಮ್ಮೆ ಮಾತಾಡಿಕೊಳ್ಳಿ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ಗಂಟೆ ಹಿಂದಿರುತ್ತವೆ. ಉಳಿದ ತಿಂಗಳುಗಳಲ್ಲಿ ಇನ್ನೂ ಒಂದು ಗಂಟೆ ಹೆಚ್ಚು. ಬೇಸಿಗೆಯಲ್ಲಿ ನಮ್ಮ ಭಾನುವಾರ ಸಂಜೆ ಏಳೂವರೆ ನ್ಯೂಜೆರ್ಸಿಯವರಿಗೆ ಭಾನುವಾರ ಬೆಳಗಿನ ಹತ್ತು. ನಮ್ಮ ಭಾನುವಾರ ಬೆಳಗಿನ ಎಂಟೂವರೆ ಕ್ಯಾಲಿಫೋರ್ನಿಯಾದವರಿಗೆ ಶನಿವಾರ ರಾತ್ರಿ ಎಂಟು. ಇವೆರಡೂ ಎರಡು ಕಡೆಯವರಿಗೂ ಹೊಂದುವ ಹೊತ್ತು.

ನಾಲ್ಕನೆಯ ಹೆಜ್ಜೆ: ದಿನ ಮತ್ತು ಜಾಗ

ನಮ್ಮ ಶಾಲೆಗಳಿಗೆ ಏಪ್ರಿಲ್-ಮೇ ರಜೆ. ಅಲ್ಲಿ ಆಗ ಶಾಲೆ ನಡೆಯುತ್ತಿರುತ್ತದೆ. ಕೆಲವು ರಾಜ್ಯಗಳಲ್ಲಿ ಮೇ ಕೊನೆಗೆ, ನ್ಯೂಜೆರ್ಸಿಯಂಥ ಕಡೆ ಜೂನ್ ಮಧ್ಯ ದಾಟಿದ ಮೇಲೆ ಬೇಸಿಗೆ ರಜೆ ಶುರುವಾಗುತ್ತದೆ. ಆದ್ದರಿಂದ ವಾರದ ದಿನಗಳಲ್ಲಿ ಭೇಟಿ ಕೇಳುವುದೇ ತಪ್ಪು. ಶನಿವಾರ ಭಾನುವಾರಗಳಲ್ಲೂ ಮಕ್ಕಳ ಈಜು, ಫುಟ್‌ಬಾಲ್, ಸಂಗೀತ, ಕನ್ನಡ ಕಲಿ ತರಗತಿಗಳು ಇರುತ್ತವೆ, “ಯಾವ ಅರ್ಧ ದಿನ ನಿಮಗೆ ಹಗುರ?” ಎಂದು ಅವರನ್ನೇ ಕೇಳಿ, ಅದಕ್ಕೆ ನಿಮ್ಮ ಪ್ರವಾಸವನ್ನು ಹೊಂದಿಸಿ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ ರಜೆ ಇರುವುದರಿಂದ ಆ ವಾರಾಂತ್ಯ ಸಿಕ್ಕಿದರೆ ಚೆನ್ನ, ಆದರೆ ಅವರೇ ಬೇರೆ ಕಡೆ ಹೊರಟಿರಲೂಬಹುದು. ಅಮೆರಿಕಕ್ಕೆ ಇಳಿದ ಮೊದಲ ಎರಡು ಮೂರು ದಿನ ಯಾರ ಮನೆಗೂ ಹೋಗಬೇಡಿ; ಮಧ್ಯಾಹ್ನ ನಾಲ್ಕಕ್ಕೆ ಮಕ್ಕಳು ಊಟದ ತಟ್ಟೆಯ ಮುಂದೆಯೇ ನಿದ್ದೆಹೋಗುತ್ತಾರೆ, ದೊಡ್ಡವರಿಗೆ ಮಾತು ತಲೆಗೆ ಹೋಗುವುದಿಲ್ಲ.

ಜಾಗದ ವಿಷಯದಲ್ಲಿ ಮನೆಯೇ ಆಗಬೇಕೆಂದು ಹಟ ಬೇಡ. ಚಿಕ್ಕ ಮಕ್ಕಳಿರುವ, ಇಬ್ಬರೂ ದುಡಿಯುವ ಮನೆಯವರಿಗೆ ದೇವಸ್ಥಾನವೋ ಉದ್ಯಾನವೋ ಹೆಚ್ಚು ನಿರಾಳ. ಉಡುಪಿಯ ಪುತ್ತಿಗೆ ಮಠದವರು ಎಡಿಸನ್‌ನಲ್ಲಿ ನಡೆಸುವ ಶ್ರೀಕೃಷ್ಣ ವೃಂದಾವನ, ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ, ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನ ಇವೆಲ್ಲ ಇಂಥ ಭೇಟಿಗೆ ಒದಗುತ್ತವೆ. ಎಡಿಸನ್ ಸುತ್ತಲಿನವರಾದರೆ ಓಕ್ ಟ್ರೀ ರಸ್ತೆಯ ಯಾವುದಾದರೂ ತಿಂಡಿಯ ಹೋಟೆಲಿನಲ್ಲಿ ಸೇರಿ, ಬಿಲ್ಲನ್ನು ನೀವೇ ಕೊಡಿ. ಹಿರಿಯರನ್ನು ನೋಡುವುದಾದರೆ ಮಾತ್ರ ಮನೆಗೇ ಹೋಗಬೇಕು. ಅವರ ಹಳೆಯ ಫೋಟೊಗಳು, ದೇವರ ಮನೆ, ಊರಿನಿಂದ ಒಯ್ದ ವಸ್ತುಗಳು ಎಲ್ಲ ಇರುವುದು ಅಲ್ಲಿಯೇ.

ಐದನೆಯ ಹೆಜ್ಜೆ: ವೀಸಾ ಅರ್ಜಿ, ವಿಮೆ, ವಾಹನ

ಪ್ರವಾಸಿ ವೀಸಾದ ಡಿಎಸ್-160 ಅರ್ಜಿಯಲ್ಲಿ ಅಮೆರಿಕದಲ್ಲಿ ನೀವು ಇಳಿದುಕೊಳ್ಳುವ ವಿಳಾಸವನ್ನೂ ಅಲ್ಲಿನ ಸಂಪರ್ಕವನ್ನೂ ಕೇಳುತ್ತಾರೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಂಥ ಹತ್ತಿರದವರ ಜೊತೆಗೆ ಬೇರೆ ಬಂಧುಗಳಿದ್ದಾರೆಯೇ ಎಂಬ ಪ್ರಶ್ನೆಯೂ ಬರುತ್ತದೆ. ದೂರದ ನೆಂಟರಿದ್ದರೆ ಇದ್ದಾರೆಂದೇ ಬರೆಯಿರಿ. ನೆಂಟರಿದ್ದಾರೆಂದರೆ ವೀಸಾ ಸಿಗುವುದಿಲ್ಲ ಎಂಬ ಗಾಳಿಮಾತಿಗೆ ಕಿವಿಗೊಟ್ಟು ಸುಳ್ಳು ಬರೆದರೆ ಮುಂದೆ ಅದೇ ತೊಡಕಾಗುತ್ತದೆ. ಯಾರದೇ ಹೆಸರು ವಿಳಾಸವನ್ನು ಸಂಪರ್ಕವಾಗಿ ಕೊಡುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಪ್ರವಾಸಿ ವೀಸಾಕ್ಕೆ ಆಹ್ವಾನಪತ್ರ ಕಡ್ಡಾಯವಲ್ಲ. ಅದಕ್ಕಾಗಿ ಅವರನ್ನು ಪೀಡಿಸುವ ಅಗತ್ಯವಿಲ್ಲ.

ಆರೋಗ್ಯ ವಿಮೆಯಿಲ್ಲದೆ, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು, ಅಲ್ಲಿಗೆ ಹೋಗಲೇಬಾರದು. ಅಲ್ಲಿ ಆಸ್ಪತ್ರೆಯ ವೆಚ್ಚ ನಮ್ಮ ಅಂದಾಜಿಗೆ ನಿಲುಕುವಂಥದಲ್ಲ, ಮತ್ತು ನಿಮ್ಮ ತಂದೆಗೆ ಎದೆನೋವು ಬಂದಾಗ ಪಕ್ಕದಲ್ಲಿರುವವರು ಆ ನೆಂಟರೇ. ಪಾಲಿಸಿ ಸಂಖ್ಯೆ, ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ ಒಂದು ಹಾಳೆಯಲ್ಲಿ ಬರೆದು ಕೈಚೀಲದಲ್ಲಿಟ್ಟಿರಿ. ಔಷಧಿಗಳು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ಇರಲಿ.

ಬಹಳ ಜನ ಮರೆಯುವುದು ಮಕ್ಕಳ ಕಾರ್ ಸೀಟನ್ನು. ನಿಲ್ದಾಣದಿಂದ ಕರೆದೊಯ್ಯಲು ಬರುತ್ತೇನೆಂದು ನೆಂಟರು ಪ್ರೀತಿಯಿಂದ ಹೇಳುತ್ತಾರೆ. ಆದರೆ ಐದು ಜನರ ಕಾರಿನಲ್ಲಿ ಆರನೆಯವರನ್ನು ಕೂರಿಸುವಂತಿಲ್ಲ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ, ಬೇರೆ ರಾಜ್ಯಗಳಲ್ಲೂ ಇಂಥದೇ ಕಾನೂನುಗಳಿವೆ. ಬಾಡಿಗೆ ಕಾರು ತೆಗೆದುಕೊಂಡು ಸೀಟನ್ನೂ ಅಲ್ಲೇ ಬಾಡಿಗೆಗೆ ಪಡೆದು, ನೀವಾಗಿಯೇ ಅವರ ಮನೆ ತಲುಪುವುದು ಎಲ್ಲಕ್ಕಿಂತ ಒಳ್ಳೆಯದು. ಅದಕ್ಕೆ ಇಲ್ಲಿಯ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಆರನೆಯ ಹೆಜ್ಜೆ: ಏನು ಒಯ್ಯಬೇಕು, ಏನು ಬೇಡ

ಉಡುಗೊರೆಯ ಬೆಲೆಗಿಂತ ಅದು ಎಲ್ಲಿಂದ ಬಂದದ್ದು ಎಂಬುದು ಈ ಸಂಬಂಧದಲ್ಲಿ ಮುಖ್ಯ. ಚನ್ನಪಟ್ಟಣದ ಆಟಿಕೆ, ಮೈಸೂರು ಸ್ಯಾಂಡಲ್ ಸಾಬೂನು, ಚಿಕ್ಕಮಗಳೂರಿನ ಹುರಿದ ಕಾಫಿಪುಡಿ, ಮನೆಯ ಹೆಣ್ಣುಮಕ್ಕಳಿಗೆ ತಾಂಬೂಲದ ಜೊತೆ ಒಂದು ರವಿಕೆ ಕಣ ಇಷ್ಟು ಸಾಕು. ಇವೆಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವುದು ಮೂಲ ಊರಿನ ವಸ್ತು. ಹೊರಡುವ ಮುನ್ನ ಸಾಧ್ಯವಾದರೆ ಆ ಊರಿಗೆ ಹೋಗಿ ಹಳೆಯ ಮನೆ ಇದ್ದ ಜಾಗ, ಬಾವಿ, ಶಾಲೆ, ದೇವಸ್ಥಾನ ಇವುಗಳ ಫೋಟೊ ತೆಗೆದು ಮುದ್ರಿಸಿ, ಮನೆದೇವರ ಕುಂಕುಮದ ಜೊತೆ ಕೊಡಿ. ಐವತ್ತು ವರ್ಷದಿಂದ ಊರು ನೋಡದವರಿಗೆ ಅಂಗಡಿಯ ಯಾವ ವಸ್ತುವೂ ಇದಕ್ಕೆ ಸಮನಾಗದು.

ತಿಂಡಿಯ ವಿಷಯದಲ್ಲಿ ನಿಯಮಗಳು ಬಿಗಿ. ಹಣ್ಣು, ತರಕಾರಿ, ಬಿತ್ತನೆ ಬೀಜ, ಮಾಂಸ ಒಯ್ಯುವಂತಿಲ್ಲ. ಹಾಲಿನ ಪದಾರ್ಥಗಳ ಮೇಲೂ ನಿರ್ಬಂಧವಿದೆ. ಹಸಿ ಕರಿಬೇವು ಕಡ್ಡಾಯವಾಗಿ ಬೇಡ; ನಿಂಬೆ ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಬದುಕುವುದರಿಂದ ಅಲ್ಲಿನವರು ಅದನ್ನು ತಡೆಯುತ್ತಾರೆ. ಒಣ ಕೊಬ್ಬರಿಯನ್ನು ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ ವಸ್ತುವೆಂದು ವಿಮಾನದಲ್ಲಿ ಬಿಡುವುದಿಲ್ಲ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಒಯ್ಯಬಹುದು, ಆದರೆ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತಡೆಯಾಗುವುದರಿಂದ ದೊಡ್ಡ ಪೆಟ್ಟಿಗೆಯಲ್ಲೇ ಇಡಿ. ಇಳಿದ ಮೇಲೆ ಅಧಿಕಾರಿ ಆಹಾರವಿದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳಿ. ಹೇಳಿದ ವಸ್ತು ನಿಷಿದ್ಧವಾಗಿದ್ದರೆ ಅದನ್ನಷ್ಟೇ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟದ್ದು ಸಿಕ್ಕರೆ ದಂಡ ಬೀಳುತ್ತದೆ.

ಇನ್ನೊಂದು ಕಟ್ಟುನಿಟ್ಟಿನ ಮಾತು. ನೀವು ಹೊರಟಿರುವುದು ತಿಳಿದ ಕೂಡಲೇ “ಹೇಗೂ ಹೋಗುತ್ತಿದ್ದೀರಲ್ಲ, ಇದೊಂದನ್ನು ತಲುಪಿಸಿಬಿಡಿ” ಎಂದು ಬೇರೆಬೇರೆ ನೆಂಟರಿಂದ ಪೊಟ್ಟಣಗಳು ಬರುತ್ತವೆ. ಬಿಚ್ಚಿ ನೋಡದ ಯಾವುದನ್ನೂ ಪೆಟ್ಟಿಗೆಗೆ ಹಾಕಬೇಡಿ. ಪೆಟ್ಟಿಗೆಯಲ್ಲಿರುವ ಪ್ರತಿ ವಸ್ತುವಿಗೂ ಕಾನೂನಿನ ಕಣ್ಣಿನಲ್ಲಿ ನೀವೇ ಹೊಣೆ. ಔಷಧಿ, ಒಡವೆ ಇವನ್ನು ಬೇರೆಯವರ ಪರವಾಗಿ ಒಯ್ಯುವುದೇ ಇಲ್ಲವೆಂದು ಮೊದಲೇ ಹೇಳಿಬಿಟ್ಟರೆ ಕೊಡುವವರಿಗೂ ಬೇಸರವಾಗುವುದಿಲ್ಲ.

ಏಳನೆಯ ಹೆಜ್ಜೆ: ಭೇಟಿಯ ದಿನ

ಹೇಳಿದ ಹೊತ್ತಿಗೆ ಹೋಗಿ, ಹೇಳಿದ ಹೊತ್ತಿಗೆ ಹೊರಡಿ. ಊಟದ ನೇಮಗಳನ್ನು, ಈರುಳ್ಳಿ ಬೆಳ್ಳುಳ್ಳಿ ತಿನ್ನದಿರುವುದನ್ನು, ಏಕಾದಶಿಯನ್ನು, ಸಕ್ಕರೆ ಕಾಯಿಲೆಯನ್ನು ಎರಡು ದಿನ ಮೊದಲೇ ತಿಳಿಸಿ. ಎಲೆಯ ಮುಂದೆ ಕುಳಿತ ಮೇಲೆ ಹೇಳಿದರೆ ಮಾಡಿದವರ ಶ್ರಮವೆಲ್ಲ ವ್ಯರ್ಥ. ಅಷ್ಟೇ ಮುಖ್ಯವಾಗಿ, ಅವರ ಮಕ್ಕಳಿಗೆ ಏನಾದರೂ ತಿನ್ನಿಸುವ ಮುನ್ನ ತಾಯಿತಂದೆಯರನ್ನು ಕೇಳಿ. ನೆಲಗಡಲೆ, ಗೋಡಂಬಿಗಳ ಅಲರ್ಜಿಯನ್ನು ಅಲ್ಲಿ ಜೀವದ ಪ್ರಶ್ನೆಯೆಂದೇ ನೋಡುತ್ತಾರೆ. ನಮ್ಮ ಚಟ್ನಿಪುಡಿಯಲ್ಲೂ ಚಿಕ್ಕಿಯಲ್ಲೂ ಅವೇ ಇರುತ್ತವೆ. ಊಟವಾದ ಮೇಲೆ ತಟ್ಟೆ ಎತ್ತಿ, ಪಾತ್ರೆ ಜೋಡಿಸಲು ನಿಲ್ಲಿ. ಗಂಡಸರೂ ನಿಲ್ಲಬೇಕು.

ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಾಗ ಮೊದಲ ಹೆಜ್ಜೆಯಲ್ಲಿ ಬರೆದ ವಂಶವೃಕ್ಷವನ್ನು ಮೇಜಿನ ಮೇಲೆ ಹರಡಿ. ತಮ್ಮ ಹೆಸರನ್ನು ಅದರಲ್ಲಿ ಕಂಡ ಕೂಡಲೇ ಎಲ್ಲರೂ ಬಗ್ಗಿ ನೋಡುತ್ತಾರೆ, ತಪ್ಪು ತಿದ್ದುತ್ತಾರೆ, ಬಿಟ್ಟುಹೋದವರನ್ನು ಸೇರಿಸುತ್ತಾರೆ. ಹಿರಿಯರನ್ನು ಕೇಳಬೇಕಾದ ಪ್ರಶ್ನೆಗಳು ಸಣ್ಣವಾಗಿರಲಿ. ಮೊದಲ ಚಳಿಗಾಲದಲ್ಲಿ ಏನು ಉಟ್ಟಿರಿ? ಊರಿಗೆ ಕಾಗದ ಬರೆದರೆ ಉತ್ತರ ಬರಲು ಎಷ್ಟು ದಿನವಾಗುತ್ತಿತ್ತು? ಅಂಗಡಿಗಳಲ್ಲಿ ಬೇಳೆ ಸಿಗದ ಕಾಲದಲ್ಲಿ ಸಾರು ಹೇಗೆ ಮಾಡುತ್ತಿದ್ದಿರಿ? ನಮ್ಮ ಮುತ್ತಜ್ಜಿಯ ದನಿ ನಿಮಗೆ ನೆನಪಿದೆಯೇ? ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ, ಹಳೆಯ ಫೋಟೊಗಳನ್ನು ಅಲ್ಲಿಯೇ ಪ್ರತಿ ತೆಗೆದು ಹಿಂದೆ ಯಾರು ಯಾರೆಂದು ಬರೆಸಿಕೊಳ್ಳಿ. ಊರಿನ ಮನೆ ಬಿದ್ದುಹೋಗಿ, ಇಲ್ಲಿಯ ಆಲ್ಬಮ್ಮುಗಳು ಗೆದ್ದಲು ಹಿಡಿದ ಎಷ್ಟೋ ಕುಟುಂಬಗಳಲ್ಲಿ ಮುತ್ತಜ್ಜನ ಏಕೈಕ ಚಿತ್ರ ಸಾಗರದಾಚೆಯ ಮನೆಯೊಂದರಲ್ಲಿ ಉಳಿದಿರುತ್ತದೆ. ದೂರದ ನೆಂಟರನ್ನು ನೋಡಲೇಬೇಕೆಂದು ನಾನು ಇಷ್ಟು ಒತ್ತಿ ಹೇಳುವುದು ಮುಖ್ಯವಾಗಿ ಇದಕ್ಕಾಗಿ.

ಮಕ್ಕಳನ್ನು ದೊಡ್ಡವರ ಮಾತಿನ ನಡುವೆ ಕಟ್ಟಿಹಾಕಬೇಡಿ. ಆದರೆ ಅವರಿಗೊಂದು ಕೆಲಸ ಕೊಡಿ: ವಂಶವೃಕ್ಷದಲ್ಲಿ ತಮ್ಮ ಸಾಲಿನ ಮಕ್ಕಳ ಹೆಸರು, ಹುಟ್ಟಿದ ಊರು, ಇಷ್ಟದ ಆಟ ಇವನ್ನು ಕೇಳಿ ಬರೆಯುವುದು. ಅಲ್ಲಿ ಹುಟ್ಟಿದ ಮಗುವಿಗೆ ಕನ್ನಡ ಅರ್ಥವಾಗಿಯೂ ಮಾತು ತಡವರಿಸಬಹುದು. ಎಲ್ಲರೆದುರು “ಎಲ್ಲಿ, ಕನ್ನಡದಲ್ಲಿ ಏನಾದರೂ ಹೇಳು ನೋಡೋಣ” ಎಂದು ಪರೀಕ್ಷೆಗೆ ನಿಲ್ಲಿಸಬೇಡಿ. ಆ ಮಗು ಮುಂದೆ ಕನ್ನಡವೆಂದರೆ ಮುದುಡಿಕೊಳ್ಳಲು ಇಂಥ ಒಂದು ಸಂಜೆ ಸಾಕಾಗುತ್ತದೆ.

ಕೇಳಬಾರದ ಪ್ರಶ್ನೆಗಳೂ ಇವೆ. ಸಂಬಳ, ಮನೆಯ ಬೆಲೆ, ಮದುವೆ ಯಾವಾಗ, ಮಕ್ಕಳು ಯಾವಾಗ ಎಂಬುವು ಎಲ್ಲರಿಗೂ ಗೊತ್ತು. “ಗ್ರೀನ್ ಕಾರ್ಡ್ ಆಯಿತೇ?” ಎಂಬ ಪ್ರಶ್ನೆಯ ಭಾರ ಹೆಚ್ಚು ಜನರಿಗೆ ಗೊತ್ತಿಲ್ಲ. ಗ್ರೀನ್ ಕಾರ್ಡ್ ಎಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇಕಡ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿರುವುದರಿಂದ ಭಾರತದಲ್ಲಿ ಹುಟ್ಟಿದ ಉದ್ಯೋಗಿಗಳು ದಶಕಗಳ ಕಾಲ ಕಾಯುತ್ತಿದ್ದಾರೆ. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಾಮಾನ್ಯವಾಗಿ ಸಿಗುವುದು 60 ದಿನ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಎತ್ತಬೇಡಿ.

ಇದಕ್ಕಿಂತ ಸೂಕ್ಷ್ಮವಾದದ್ದು ಆಸ್ತಿಯ ಮಾತು. ಭೇಟಿಯಾಗುವವರು ದಾಯಾದಿಗಳಾಗಿದ್ದು, ಊರಿನ ಜಮೀನಿನ ಭಾಗ ಇನ್ನೂ ಇತ್ಯರ್ಥವಾಗದೆ ಇದ್ದರೆ, ಸಹಿ ಹಾಕಿಸಿಕೊಂಡು ಬರುವಂತೆ ಮನೆಯವರು ಕಾಗದಪತ್ರ ಕೊಟ್ಟು ಕಳಿಸುವುದುಂಟು. ಒಯ್ಯಬೇಡಿ. ವಿದೇಶದಲ್ಲಿರುವವರ ಅಧಿಕಾರಪತ್ರಕ್ಕೆ ಭಾರತೀಯ ದೂತಾವಾಸದ ದೃಢೀಕರಣದಂಥ ಕ್ರಮಗಳು ಬೇಕಾಗುವುದರಿಂದ ಊಟದ ಮೇಜಿನ ಮೇಲೆ ಮಾಡಿಸಿದ ಸಹಿಯಿಂದ ಕೆಲಸವೂ ಆಗುವುದಿಲ್ಲ, ನೆಂಟಸ್ತಿಕೆಯೂ ಉಳಿಯುವುದಿಲ್ಲ.

ಎಂಟನೆಯ ಹೆಜ್ಜೆ: ಅವರ ಮನೆಯಲ್ಲೇ ತಂಗುವುದಾದರೆ

ಅವರೇ ಒತ್ತಾಯಿಸಿ ಕರೆದಿದ್ದರೆ ಮಾತ್ರ, ಒಂದು ಅಥವಾ ಎರಡು ರಾತ್ರಿ. ಹೆಚ್ಚಿನ ಮನೆಗಳು ಮರದ ಚೌಕಟ್ಟಿನವು, ಸ್ನಾನದ ಮನೆಯ ನೆಲಕ್ಕೆ ನೀರು ಹೋಗುವ ದಾರಿಯಿರುವುದಿಲ್ಲ. ಷವರ್ ಪರದೆಯನ್ನು ತೊಟ್ಟಿಯ ಒಳಗೆ ಬಿಟ್ಟುಕೊಂಡು ಸ್ನಾನ ಮಾಡದಿದ್ದರೆ ಮಹಡಿಯ ನೀರು ಕೆಳಗಿನ ಕೋಣೆಯ ಸೂರಿನಲ್ಲಿ ಇಳಿಯುತ್ತದೆ. ಮನೆಯ ಹಿರಿಯರಿಗೆ ಇದನ್ನು ನೀವೇ ತೋರಿಸಿಕೊಡಿ. ದೀಪ, ಊದುಬತ್ತಿ, ಜೋರಾದ ಒಗ್ಗರಣೆಗೆ ಹೊಗೆಯ ಎಚ್ಚರಿಕೆ ಗಂಟೆ ಕೂಗುವುದರಿಂದ ಕೇಳದೆ ಹೊತ್ತಿಸಬೇಡಿ. ಮುಂಜಾನೆ ಮೂರಕ್ಕೆ ಎಚ್ಚರವಾದರೆ ಕೋಣೆಯಲ್ಲೇ ಇರಿ, ಊರಿಗೆ ಫೋನ್ ಮಾಡಬೇಡಿ. ಒಂದು ದಿನದ ದಿನಸಿಯನ್ನು ನೀವು ತಂದು, ಒಂದು ಹೊತ್ತಿನ ಅಡುಗೆಯನ್ನು ನೀವೇ ಮಾಡಿ. ಅಕ್ಕಿರೊಟ್ಟಿಯೋ ಜೋಳದ ರೊಟ್ಟಿ ಎಣ್ಣೆಗಾಯಿಯೋ, ನಿಮ್ಮ ಸೀಮೆಯದು ಯಾವುದಾದರೂ ಸರಿ. ಹೊರಡುವಾಗ ಹಾಸಿಗೆಯ ಹೊದಿಕೆಗಳನ್ನು ತೆಗೆದು ಒಗೆಯುವ ಯಂತ್ರದ ಬಳಿ ಇಟ್ಟು ಬನ್ನಿ.

ಒಂಬತ್ತನೆಯ ಹೆಜ್ಜೆ: ಹಿಂತಿರುಗಿದ ಮೇಲೆ

ವಾರದೊಳಗೆ ಫೋಟೊಗಳನ್ನು ಅವರಿಗೆ ಮಾತ್ರ ಕಳುಹಿಸಿ. ಅವರ ಮನೆ ಮಕ್ಕಳಿರುವ ಚಿತ್ರಗಳನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮುನ್ನ ಕೇಳಿ, ಬೇಡವೆಂದರೆ ಬಿಡಿ. ತಿದ್ದಿದ ವಂಶವೃಕ್ಷವನ್ನು ಚೆನ್ನಾಗಿ ಬರೆಸಿ ಎರಡೂ ಮನೆಗೆ ಒಂದೊಂದು ಪ್ರತಿ ಇರುವಂತೆ ಮಾಡಿ. ಪರಿಚಯ ಮಾಡಿಸಿದ ಹಿರಿಯರ ಮನೆಗೆ ನೀವೇ ಹೋಗಿ ಧ್ವನಿಮುದ್ರಣವನ್ನು ಕೇಳಿಸಿ. ಅದನ್ನು ಕೇಳುತ್ತ ಅವರಿಗೆ ನೆನಪಾಗುವ ಸಂಗತಿಗಳು ಬಹಳ, ಅವನ್ನೂ ಬರೆದುಕೊಳ್ಳಿ.

ಅಲ್ಲಿರುವವರು ಊರಿಗೆ ಬರುವುದು ಹೆಚ್ಚಾಗಿ ಡಿಸೆಂಬರ್ ಕೊನೆಯಲ್ಲಿ ಅಥವಾ ಜೂನ್‌ನಿಂದ ಆಗಸ್ಟ್‌ವರೆಗಿನ ಅವರ ಶಾಲಾ ರಜೆಯಲ್ಲಿ, ಅದೂ ಎರಡು ಮೂರು ವಾರಕ್ಕೆ, ಎರಡು ಕಡೆಯ ಬೀಗರ ನಡುವೆ ಹಂಚಿಹೋಗುವ ದಿನಗಳಲ್ಲಿ. ಆಗ ಅವರನ್ನು ನಿಮ್ಮ ಮನೆಗೆ ಎಳೆಯದೆ, ಅವರು ಉಳಿದುಕೊಂಡ ಕಡೆಗೆ ನೀವೇ ಹೋಗಿ ಒಂದು ಗಂಟೆ ಕುಳಿತು ಬನ್ನಿ. ಮೂಲ ಊರನ್ನು ಮಕ್ಕಳಿಗೆ ತೋರಿಸುವ ಆಸೆ ಅವರಿಗಿದ್ದರೆ ಒಂದು ದಿನದ ವಾಹನ, ದೇವಸ್ಥಾನದ ಅರ್ಚಕರಿಗೆ ಸುದ್ದಿ, ಹಳೆಯ ಮನೆಯ ಈಗಿನ ಮಾಲೀಕರ ಅನುಮತಿ ಇವಿಷ್ಟನ್ನು ಅವರು ಬರುವುದಕ್ಕೆ ಮೊದಲೇ ನೀವು ಮಾಡಿಟ್ಟಿರಿ.